ಟ, ಣ, ಳ ಧ್ವನಿಗಳು ಭಾರತದಲ್ಲಿ ಮಾತ್ರ ಇವೆಯೇ? ಒಂದು ಸ್ಪಷ್ಟನೆ

ಮೂರ್ಧನ್ಯ ವ್ಯಂಜನಗಳಾದ, ಎಂದರೆ ನಾಲಗೆಯ ತುದಿಯನ್ನು ಅಂಗುಳದತ್ತ ಎತ್ತಿ ನುಡಿಯುವ ಟ, ಡ, ಣ, ಳ ಭಾರತದ ಭಾಷೆಗಳಲ್ಲಿ ಮಾತ್ರ ಇವೆ, ಇಲ್ಲಿನ ಎಲ್ಲ ಭಾಷೆಗಳಲ್ಲೂ ಇವೆ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಈ ಎರಡು ಮಾತುಗಳೂ ತಪ್ಪು.

ಸ್ಟಾಕ್‌ಹೋಮ್ ಕಡೆಯ ಸ್ವೀಡಿಷ್ ಮಾತಿನಲ್ಲಿ ರಕಾರದ ನಂತರ ತ, ದ, ನ ಬಂದರೆ ಎರಡೂ ಬೆರೆತು ಮೂರ್ಧನ್ಯವಾಗುತ್ತವೆ. ಹಾಗಾಗಿ ಮಗು ಎಂಬ ಅರ್ಥದ, ‘ಬಾರ್ನ್’ ಎಂದು ಬರೆಯುವ ಪದ ನಮ್ಮ ಕಿವಿಗೆ ಹೆಚ್ಚುಕಡಿಮೆ ‘ಬಾಣ್’ ಎಂದೇ ಕೇಳಿಸುತ್ತದೆ. ಅದೇ ದೇಶದ ದಕ್ಷಿಣ ತುದಿಯವರು ರಕಾರವನ್ನು ಗಂಟಲ ಹತ್ತಿರ ಉಚ್ಚರಿಸುವುದರಿಂದ ಅವರಲ್ಲಿ ಈ ಬದಲಾವಣೆ ಆಗುವುದಿಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿಗಳ ವಾರ್ಲ್‌ಪಿರಿ ಭಾಷೆಯಲ್ಲಂತೂ ಟ, ಣ, ಳ ಮೂರೂ ಇವೆ.

ಇತ್ತ ನಮ್ಮ ದೇಶದ ಅಸ್ಸಾಮಿಯಲ್ಲಿ ತ, ಟ ಎಂಬ ಎರಡು ಅಕ್ಷರಗಳು ಬರಹದಲ್ಲಿದ್ದರೂ ಉಚ್ಚಾರಣೆಯಲ್ಲಿ ಆ ಭೇದ ಉಳಿದಿಲ್ಲ. ಎರಡನ್ನೂ ಮೇಲ್ವಸಡಿನ ಬಳಿಯೇ ನುಡಿಯುತ್ತಾರೆ.

ಮೂರ್ಧನ್ಯಗಳೆಲ್ಲ ಒಂದೇ ಬಗೆಯವೂ ಅಲ್ಲವೆಂಬುದನ್ನು ಒತ್ತಿ ಹೇಳಬೇಕು. ತಮಿಳಿನ ಟಕಾರಕ್ಕೆ ನಾಲಗೆ ಹಿಂದಕ್ಕೆ ಮಡಿಚಿ, ತುದಿಯ ಕೆಳಮೈ ಅಂಗುಳಕ್ಕೆ ತಾಗುತ್ತದೆ. ಹಿಂದಿಯಲ್ಲಿ ಸಾಮಾನ್ಯವಾಗಿ ತುದಿಯಷ್ಟೇ ತಾಗುತ್ತದೆ. ತಮಿಳು, ಮಲಯಾಳಗಳಲ್ಲಿ ಇಂದಿಗೂ ಬಳಕೆಯಲ್ಲಿರುವ, ನಾಲಗೆ ಅಂಗುಳಕ್ಕೆ ತಾಗದ ಮೂರ್ಧನ್ಯವಾದ ೞಕಾರವು ಕನ್ನಡದಲ್ಲಿ ಶತಮಾನಗಳ ಹಿಂದೆಯೇ ಮರೆಯಾಗಿ, ಹಳಗನ್ನಡದ ‘ಬಾೞೆ’ ಇಂದು ‘ಬಾಳೆ’ಯಾಗಿದೆ.