ಜಿಪಿಎಸ್ ಕೆಟ್ಟಿದೆ ಅನ್ನುವ ಮೊದಲು ಹತ್ತು ನಿಮಿಷ ಒಂದೇ ಕಡೆ ಇಟ್ಟು ನೋಡಿ

ಹೋದ ವಾರ ಗೆಳೆಯನೊಬ್ಬ ಫೋನ್ ಮಾಡಿದ. "ಲೇ, ಈ ಜಿಪಿಎಸ್ ಪೂರ್ತಿ ಕೆಟ್ಟಿದೆ ಕಣೋ. ಅರ್ಧ ಕಿಲೋಮೀಟರಿಗಿಂತ ಜಾಸ್ತಿ ತಪ್ಪು ತೋರಿಸ್ತಿದೆ" ಅಂದ. ನಾವು ಒಂದಿಷ್ಟು ಜನ ಬಿಡುವಿದ್ದಾಗ ಹಕ್ಕಿ ಗೂಡು ಕಟ್ಟುವ ಮರಗಳನ್ನು ಗುರುತು ಹಾಕಿಡುತ್ತೇವೆ. ಮುಂದಿನ ವರ್ಷ ಹೋದಾಗ ಅದೇ ಮರ ಸಿಗಬೇಕು. ಹತ್ತು ಮೀಟರ್ ಆಚೀಚೆ ಆದರೂ ಬೇರೆ ಮರದ ಕೆಳಗೆ ನಿಂತಿರುತ್ತೇವೆ. ನಾನು ಹಾಕಿದ್ದ ಒಂದು ಗುರುತನ್ನು ಅವನಿಗೆ ಫೋನಿನಲ್ಲೇ ಓದಿ ಹೇಳಿದ್ದೆ. ಅದನ್ನು ಹಿಡಿದು ಹೋದರೆ ಅಲ್ಲಿ ಮರವೇ ಇಲ್ಲ, ಬರೀ ಹುಲ್ಲುಗಾವಲು.

ಯಂತ್ರವನ್ನು ರಿಪೇರಿಗೆ ಕೊಡಲು ಹೊರಟಿದ್ದವನನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದೆ. ಆ ತಪ್ಪು ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ನಿಂತಿದೆಯಾ, ಇಲ್ಲಾ ಆಗಾಗ ಜಾಗ ಬದಲಿಸುತ್ತಿದೆಯಾ? "ನಿಂತಿದೆ, ಎಷ್ಟು ಸಲ ನೋಡಿದ್ರೂ ಅಷ್ಟೇ" ಅಂದ. ಹಾಗಾದರೆ ಯಂತ್ರ ಸರಿಯಾಗೇ ಇದೆ ಅಂತ ನನಗೆ ಆಗಲೇ ಅನ್ನಿಸಿತು.

ಈ ಬರಹ ಬರೆಯುತ್ತಿರುವುದೂ ಆ ಪ್ರಶ್ನೆಗಾಗಿಯೇ. ಕೈಯಲ್ಲಿ ಹಿಡಿಯುವ ಜಿಪಿಎಸ್ ತಪ್ಪು ತೋರಿಸಿದಾಗ ಎಲ್ಲರೂ ಮೊದಲು ಕೇಳುವುದು "ಎಷ್ಟು ಮೀಟರ್ ತಪ್ಪು?" ಅಂತ. ಆಮೇಲೆ ನೇರ ಫ್ಯಾಕ್ಟರಿ ರೀಸೆಟ್. ಇದ್ದಬದ್ದ ಸೆಟ್ಟಿಂಗ್ಸ್ ಎಲ್ಲಾ ಅಳಿಸಿಹೋಗುತ್ತದೆ, ತಪ್ಪು ಎಲ್ಲಿತ್ತು ಅನ್ನುವ ಸುಳಿವೂ ಅದರ ಜೊತೆಗೇ ಹೋಗುತ್ತದೆ. ನನ್ನ ಪ್ರಕಾರ ರೀಸೆಟ್ ಕೊನೆಯ ಮಾತು. ಮೊದಲು ತಪ್ಪಿನ ನಡತೆ ನೋಡಬೇಕು.

ನೋಡುವುದು ಸುಲಭ. ಮೇಲೆ ಆಕಾಶ ಪೂರ್ತಿ ಕಾಣುವ ಜಾಗಕ್ಕೆ ಹೋಗಿ. ನಕ್ಷೆಯಲ್ಲೂ ನೆಲದಲ್ಲೂ ಖಚಿತವಾಗಿ ಗೊತ್ತಿರುವ ಜಾಗವಾದರೆ ಇನ್ನೂ ಒಳ್ಳೆಯದು, ಎರಡು ದಾರಿ ಸೇರುವ ಮೂಲೆ ಥರದ್ದು. ಯಂತ್ರವನ್ನು ಒಂದು ಕಲ್ಲಿನ ಮೇಲಿಟ್ಟು, ಟ್ರ್ಯಾಕ್ ರೆಕಾರ್ಡ್ ಶುರು ಮಾಡಿ, ಹತ್ತು ನಿಮಿಷ ಮುಟ್ಟಬೇಡಿ. ಆಮೇಲೆ ನಕ್ಷೆಯನ್ನು ದೊಡ್ಡದು ಮಾಡಿ ನೋಡಿದರೆ, ಅಲುಗಾಡದೇ ಇದ್ದ ಯಂತ್ರ ಒಂದು ಗೀಚು ಬರೆದಿರುತ್ತದೆ, ಸಿಕ್ಕಾದ ದಾರದ ಉಂಡೆ ಥರ. ಗೀಚು ಕೆಲವೇ ಮೀಟರಿನಷ್ಟಿದ್ದು ನೀವಿರುವ ಜಾಗದ ಸುತ್ತಲೇ ಇದ್ದರೆ ಯಂತ್ರಕ್ಕೆ ಏನೂ ಆಗಿಲ್ಲ. ಗೀಚು ಚಿಕ್ಕದಿದ್ದೂ ನೂರಾರು ಮೀಟರ್ ದೂರದಲ್ಲಿ ಕೂತಿದ್ದರೆ ತಪ್ಪು ಸೆಟ್ಟಿಂಗ್ಸಿನಲ್ಲೋ ನಕ್ಷೆಯಲ್ಲೋ ಇದೆ. ಗೀಚೇ ಐವತ್ತು, ನೂರು ಮೀಟರ್ ಹರಡಿದ್ದರೆ ಸಿಗ್ನಲ್ ಸರಿಯಾಗಿ ಸಿಗುತ್ತಿಲ್ಲ.

ಗೆಳೆಯನದು ಎರಡನೆಯದರ ಜಾತಿ, ಒಂದೇ ಕಡೆ ನಿಂತ ತಪ್ಪು. ನನ್ನ ಯಂತ್ರದಲ್ಲಿ ಅಕ್ಷಾಂಶ ಡಿಗ್ರಿ ಮತ್ತು ನಿಮಿಷದಲ್ಲಿತ್ತು (ಇಲ್ಲಿ ನಿಮಿಷ ಅಂದರೆ ಡಿಗ್ರಿಯ ಅರವತ್ತರಲ್ಲೊಂದು ಭಾಗ), ನಿಮಿಷ 30.500. ನಾನು "ಮೂವತ್ತು ಪಾಯಿಂಟ್ ಐವತ್ತು" ಅಂತ ಓದಿದೆ. ಅವನ ಯಂತ್ರದಲ್ಲಿ ಡಿಗ್ರಿ, ನಿಮಿಷ, ಸೆಕೆಂಡ್ ಅಂತ ಮೂರು ಖಾನೆ. ಅವನು 30 ನಿಮಿಷ 50 ಸೆಕೆಂಡ್ ಅಂತ ಹಾಕಿಕೊಂಡ. ಆದರೆ ಅರ್ಧ ನಿಮಿಷ ಅಂದರೆ 30 ಸೆಕೆಂಡ್. 20 ಸೆಕೆಂಡ್ ಹೆಚ್ಚಾಯಿತು. ಅಕ್ಷಾಂಶದಲ್ಲಿ ಒಂದು ಸೆಕೆಂಡ್ ಅಂದರೆ ನೆಲದ ಮೇಲೆ ಸುಮಾರು 31 ಮೀಟರ್. ಅದೊಂದರಲ್ಲೇ 620 ಮೀಟರ್ ಹೋಯಿತು! ಇಬ್ಬರ ಯಂತ್ರವೂ ಸರಿ ಇತ್ತು. ಕೆಟ್ಟಿದ್ದು ನಾವು ಸಂಖ್ಯೆ ದಾಟಿಸಿದ ರೀತಿ. ಈಗ ನಮ್ಮ ಗುಂಪಿನಲ್ಲಿ ಎಲ್ಲರೂ ಒಂದೇ ಮಾದರಿ ಇಟ್ಟುಕೊಂಡಿದ್ದೇವೆ, ಬರೀ ಡಿಗ್ರಿ, ಪಾಯಿಂಟ್ ಆದ ಮೇಲೆ ಐದು ಅಂಕಿ. ಅಕ್ಷಾಂಶದಲ್ಲಿ ಐದನೆಯ ಅಂಕಿ ಒಂದು ಹೆಚ್ಚುಕಡಿಮೆ ಆದರೆ ಸುಮಾರು 1.1 ಮೀಟರ್, ನಮ್ಮ ಕೆಲಸಕ್ಕೆ ಅದು ಧಾರಾಳ. ಫೋನಿನಲ್ಲಿ ಓದುವುದನ್ನೂ ಬಿಟ್ಟೆವು, ಮೆಸೇಜಿನಲ್ಲಿ ಕಳಿಸುತ್ತೇವೆ.

ಇದೇ ಜಾತಿಯ ಇನ್ನೊಂದು ತಪ್ಪು ಡೇಟಂನದ್ದು. ಭೂಮಿ ಸರಿಯಾದ ಗೋಳವಲ್ಲ. ಅದರ ಆಕಾರವನ್ನು ಹೇಗೆ ಹಿಡಿದುಕೊಂಡು ಅಕ್ಷಾಂಶ ರೇಖಾಂಶ ಎಣಿಸುತ್ತೇವೆ ಅನ್ನುವ ಲೆಕ್ಕಕ್ಕೆ ಡೇಟಂ ಅನ್ನುತ್ತಾರೆ. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84 ಅನ್ನುವ ಡೇಟಂ. ಹಳೆಯ ಕಾಗದದ ನಕ್ಷೆಗಳು ಬೇರೆ ಬೇರೆ ಡೇಟಂ ಹಿಡಿದು ಮಾಡಿದವು. ಜಪಾನಿನ ಹಳೆಯ ಟೋಕಿಯೋ ಡೇಟಂಗೂ ಇದಕ್ಕೂ 400 ಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ಗ್ರೀನಿಚ್‌ನಲ್ಲಿ ನೆಲದ ಮೇಲೆ ಎಳೆದಿರುವ ಸೊನ್ನೆ ರೇಖಾಂಶದ ಗೆರೆ ಮೇಲೆ ನಿಂತರೂ ಜಿಪಿಎಸ್ ಸೊನ್ನೆ ತೋರಿಸುವುದಿಲ್ಲ. ಅದರ ಸೊನ್ನೆ ಅಲ್ಲಿಂದ 102 ಮೀಟರ್ ಪೂರ್ವಕ್ಕಿದೆ. ಹಾಗಾಗಿ ಕಾಗದದ ನಕ್ಷೆ ಹಿಡಿದು ಹೊರಟಿದ್ದರೆ ಅದರ ಅಂಚಿನಲ್ಲಿ ಯಾವ ಡೇಟಂ ಅಂತ ಬರೆದಿದೆ ನೋಡಿ, ಯಂತ್ರದಲ್ಲೂ ಅದನ್ನೇ ಇಡಿ. ಕಾಗದದ ನಕ್ಷೆ ಬಳಸದವರು ಡಬ್ಲ್ಯುಜಿಎಸ್ 84 ಬಿಟ್ಟು ಕದಲಬೇಡಿ.

ಗೀಚು ದೊಡ್ಡದಾಗಿ ಹರಡುವ ವಿಷಯಕ್ಕೆ ಬರೋಣ. ಅದಕ್ಕೆ ಕಾರಣ ತಿಳಿಯಬೇಕಾದರೆ ಯಂತ್ರ ಏನು ಅಳೆಯುತ್ತಿದೆ ಅಂತ ಗೊತ್ತಿರಬೇಕು. ಸುಮಾರು 20,200 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಸಿಗ್ನಲ್ ಹೊರಟು ಕೈಗೆ ಬಂದು ಸೇರಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನು ಅದು ಅಳೆಯುತ್ತದೆ. ಸಮಯದಿಂದ ದೂರ ಸಿಗುತ್ತದೆ, ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ದೂರದಿಂದ ಜಾಗ ಸಿಗುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗದಷ್ಟು ಸಮಯ ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಸಿಗ್ನಲ್ ನೇರ ಬಾರದೆ ಪಕ್ಕದ ಬಂಡೆಗೋ ಗೋಡೆಗೋ ಬಡಿದು ಬಂದರೆ ದಾರಿ ಉದ್ದವಾಗುತ್ತದೆ. ಉಪಗ್ರಹ ಇನ್ನಷ್ಟು ದೂರ ಇದೆ ಅಂತ ಯಂತ್ರ ನಂಬುತ್ತದೆ. ದಟ್ಟ ಮರಗಳ ಕೆಳಗೆ, ಬಂಡೆಯ ಬುಡದಲ್ಲಿ, ಎತ್ತರದ ಕಟ್ಟಡಗಳ ನಡುವೆ ಚುಕ್ಕೆ ಕುಣಿಯುವುದು ಇದಕ್ಕೇ. ಇಂಥ ಜಾಗದಲ್ಲಿ ಕಾಣುವ ಉಪಗ್ರಹಗಳೆಲ್ಲ ನೆತ್ತಿಯ ಮೇಲಿನ ಒಂದೇ ತುಂಡು ಆಕಾಶದಲ್ಲಿ ಗುಂಪಾಗಿರುವುದೂ ಉಂಟು. ಅವು ನಾಲ್ಕೂ ದಿಕ್ಕಿಗೆ ಹರಡಿದ್ದರೆ ಲೆಕ್ಕ ಗಟ್ಟಿ.

ನಮ್ಮ ಮೈಯೂ ಒಂದು ಗೋಡೆಯೇ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಅರ್ಧ ಆಕಾಶ ಮುಚ್ಚಿಹೋಗುತ್ತದೆ. ಬೆನ್ನ ಚೀಲದ ಮೇಲ್ತುದಿಗೋ ಭುಜದ ಪಟ್ಟಿಗೋ ಕಟ್ಟಿ. ಆಂಟೆನಾ ಯಾವ ಜಾತಿಯದು ಅಂತ ಒಮ್ಮೆ ನೋಡಿಕೊಳ್ಳಿ. ಮೋಟು ಕೊಂಬಿನ ಥರ ಮೇಲೆ ಚಾಚಿದ್ದರೆ ಯಂತ್ರವನ್ನು ನೆಟ್ಟಗೆ ಹಿಡಿಯಬೇಕು. ಒಳಗೇ ಚಪ್ಪಟೆ ಬಿಲ್ಲೆಯಾಗಿದ್ದರೆ ಪರದೆ ಆಕಾಶ ನೋಡುವಂತೆ ಅಡ್ಡಲಾಗಿ ಹಿಡಿಯಬೇಕು. ಇಷ್ಟು ಸಣ್ಣ ವಿಷಯಕ್ಕೆ ಕಾಡಿನಲ್ಲಿ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಆನ್ ಮಾಡಿದ ಕೂಡಲೇ ನಡೆಯಲು ಶುರು ಮಾಡುವುದು ಇನ್ನೊಂದು ಚಾಳಿ. ಪ್ರತಿ ಉಪಗ್ರಹ ತಾನೆಲ್ಲಿದ್ದೇನೆ ಅನ್ನುವ ವಿವರವನ್ನು 30 ಸೆಕೆಂಡಿಗೊಮ್ಮೆ ಕಳಿಸುತ್ತದೆ. ನಡುವೆ ಒಂದು ಕೊಂಬೆ ಅಡ್ಡ ಬಂದು ಸಿಗ್ನಲ್ ತುಂಡಾದರೆ ಮತ್ತೆ ಕಾಯಬೇಕು. ಎಲ್ಲ ಉಪಗ್ರಹಗಳ ಒಟ್ಟು ಪಟ್ಟಿ ಪೂರ್ತಿ ಇಳಿಯಲು 12.5 ನಿಮಿಷ ಬೇಕು. ತಿಂಗಳುಗಟ್ಟಲೆ ಬ್ಯಾಟರಿ ತೆಗೆದಿಟ್ಟಿದ್ದರೆ, ದೂರದ ಊರಿಗೆ ಹೋಗಿ ಮೊದಲ ಸಲ ಆನ್ ಮಾಡುತ್ತಿದ್ದರೆ, ಬಯಲಿನಲ್ಲಿಟ್ಟು ಕಾಲು ಗಂಟೆ ಬಿಡಿ. ದಯವಿಟ್ಟು ಕಾಡಿನೊಳಗೆ ಹೋಗಿ ಆನ್ ಮಾಡಬೇಡಿ.

ಪರದೆ ಮೇಲೆ "3 ಮೀಟರ್" ಅಂತ ಬರುತ್ತದಲ್ಲ, ಅದರ ಬಗ್ಗೆ ನನಗೆ ನಿಜಕ್ಕೂ ಬೇಸರ ಇದೆ. ಅದು ಯಂತ್ರ ತನ್ನಷ್ಟಕ್ಕೆ ಮಾಡಿಕೊಂಡ ಅಂದಾಜು. ಎಷ್ಟೋ ಯಂತ್ರಗಳಲ್ಲಿ ಆ ವೃತ್ತದೊಳಗೆ ನೀವಿರುವ ಸಾಧ್ಯತೆ ನೂರಕ್ಕೆ ಐವತ್ತರಿಂದ ಅರವತ್ತೆಂಟರ ಆಸುಪಾಸು ಅಷ್ಟೇ. ಅಂದರೆ ಮೂರು ಸಲದಲ್ಲಿ ಒಂದು ಸಲವಾದರೂ ನೀವು ಹೊರಗಿರಬಹುದು. ಇದನ್ನು ತಯಾರಕರು ಪರದೆ ಮೇಲೇ ಸರಳವಾಗಿ ಹೇಳಬೇಕು. ಆ ಸಂಖ್ಯೆ ನಂಬಿಕೊಂಡು ಜನ ಜಮೀನಿನ ಗಡಿ ಗುರುತು ಮಾಡಲು ಹೊರಡುತ್ತಾರೆ. ಈ ಯಂತ್ರ ಅಂಥ ಕೆಲಸಕ್ಕಲ್ಲ.

ಗುರುತು ಗಟ್ಟಿಯಾಗಬೇಕಾದರೆ ವೇಪಾಯಿಂಟ್ (ಯಂತ್ರದಲ್ಲಿ ಗುರುತು ಹಾಕಿದ ಜಾಗ) ಸರಾಸರಿ ಮಾಡುವ ಆಯ್ಕೆ ಬಳಸಿ. ಮರದ ಬುಡದಲ್ಲಿ ಕೆಲವು ನಿಮಿಷ ಇಟ್ಟು ಅಳೆಯಿರಿ, ಒಂದೂವರೆ ಗಂಟೆ ಬಿಟ್ಟು ಬಂದು ಮತ್ತೆ ಅಳೆಯಿರಿ. ಅಷ್ಟರಲ್ಲಿ ಉಪಗ್ರಹಗಳು ಜಾಗ ಬದಲಿಸಿರುತ್ತವೆ, ಸಿಗ್ನಲ್ ಬಡಿದು ಬರುವ ದಾರಿಯೂ ಬದಲಾಗಿರುತ್ತದೆ. ಒಂದೇ ಸಲ ಅರ್ಧ ಗಂಟೆ ಕೂರುವುದಕ್ಕಿಂತ ಇದು ಮೇಲು. ಮರುದಿನ ಸರಿಯಾಗಿ ಅದೇ ಹೊತ್ತಿಗೆ ಹೋಗಬೇಡಿ. ಉಪಗ್ರಹಗಳು ದಿನಾ ಸುಮಾರು ನಾಲ್ಕು ನಿಮಿಷ ಮುಂಚೆ ಅದೇ ಜಾಗಕ್ಕೆ ಬಂದಿರುತ್ತವೆ, ಹಾಗಾಗಿ ತಪ್ಪೂ ಹೆಚ್ಚುಕಡಿಮೆ ಅದೇ ಇರುತ್ತದೆ.

ಸೆಟ್ಟಿಂಗ್ಸಿನಲ್ಲಿ ಬ್ಯಾಟರಿ ಉಳಿಸುವ ಮೋಡ್ ತೆಗೆಯಿರಿ. ರಸ್ತೆಗೆ ಅಂಟಿಕೊಳ್ಳುವ ಆಯ್ಕೆ ಇದ್ದರೆ ಅದನ್ನೂ ತೆಗೆಯಿರಿ, ನೀವು ರಸ್ತೆಯಿಂದ ಇಳಿದರೂ ಚುಕ್ಕೆಯನ್ನು ಅದು ರಸ್ತೆ ಮೇಲೇ ಎಳೆದಿಡುತ್ತದೆ. ಜಿಪಿಎಸ್ ಥರದ್ದೇ ಬೇರೆ ಉಪಗ್ರಹ ವ್ಯವಸ್ಥೆಗಳಾದ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ ಇದ್ದರೆ ಆನ್ ಮಾಡಿ. ನಿಂತಾಗ ಬಾಣದ ಗುರುತು ಮಾತ್ರ ತಪ್ಪು ತೋರಿಸಿದರೆ ಅದು ದಿಕ್ಸೂಚಿಯ ಸಮಸ್ಯೆ, ಬ್ಯಾಟರಿ ಬದಲಿಸಿದ ಮೇಲೆ ಅದನ್ನು ಮತ್ತೆ ಹೊಂದಿಸಬೇಕು.

ಯಂತ್ರ ತುಂಬಾ ಹಳೆಯದಾಗಿದ್ದು ತಾರೀಖೇ ತಪ್ಪಾಗಿದ್ದರೆ ವಿಷಯ ಬೇರೆ. ಜಿಪಿಎಸ್ ವಾರಗಳನ್ನು ಸೊನ್ನೆಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಅಂತಾರಾಷ್ಟ್ರೀಯ ಸಮಯದ ಪ್ರಕಾರ 2019ರ ಏಪ್ರಿಲ್ 6ರ ರಾತ್ರಿ ಹಾಗಾಯಿತು. ಅದಕ್ಕೆ ತಯಾರಿಲ್ಲದ ಯಂತ್ರಗಳು ಸುಮಾರು 20 ವರ್ಷ ಹಿಂದೆ ಹೋಗಿಬಿಡುತ್ತವೆ. ತಯಾರಕರು ಹೊಸ ಫರ್ಮ್‌ವೇರ್ (ಯಂತ್ರವನ್ನು ನಡೆಸುವ ಒಳಗಿನ ತಂತ್ರಾಂಶ) ಕೊಟ್ಟಿದ್ದರೆ ಹಾಕಿಕೊಳ್ಳಿ.

ಇಷ್ಟಾದ ಮೇಲೂ ಬಯಲಿನಲ್ಲಿ, ಬೇರೆ ಬೇರೆ ದಿನ, ಗೀಚು ಐವತ್ತು ಮೀಟರ್ ಹರಡುತ್ತಲೇ ಇದ್ದರೆ, ಪಕ್ಕದಲ್ಲಿಟ್ಟ ಇನ್ನೊಂದು ಯಂತ್ರ ಸರಿಯಾಗಿ ತೋರಿಸುತ್ತಿದ್ದರೆ, ಆಂಟೆನಾ ಹೋಗಿರಬಹುದು. ಯಂತ್ರ ಕೆಳಗೆ ಬಿದ್ದಿತ್ತಾ, ಒಳಗೆ ನೀರು ಸೇರಿತ್ತಾ ನೆನಪು ಮಾಡಿಕೊಳ್ಳಿ. ಆಗ ರಿಪೇರಿಗೆ ಕೊಡಿ. ಕೊಡುವಾಗ ಆ ಹತ್ತು ನಿಮಿಷದ ಟ್ರ್ಯಾಕ್‌ಗಳನ್ನೂ ಜೊತೆಗೆ ಕೊಡಿ.