ಒಂದು ಫೈಲ್ ಇಲ್ಲ ಅಂದ್ರೆ ಸಿ ಡ್ರೈವ್ ಪೂರ್ತಿ ತೊಳೀಬೇಕಾ?

ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರು. ಆನ್ ಮಾಡಿದ್ರೆ ಕಪ್ಪು ಸ್ಕ್ರೀನ್ ಮೇಲೆ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’. ಸಿಪಿಯು ಹೊತ್ಕೊಂಡು ರಿಪೇರಿ ಅಂಗಡಿಗೆ ಹೋದ್ರೆ, ಪ್ಲಗ್ ಹಾಕೋಕೆ ಮುಂಚೇನೇ ಉತ್ತರ ರೆಡಿ: ‘ಫಾರ್ಮ್ಯಾಟ್ ಹೊಡೀಬೇಕು ಸರ್.’ ಯಾಕ್ರೀ ಹೊಡೀಬೇಕು? ಹೋಗಿರೋದು ವಿಂಡೋಸನ್ನ ಶುರು ಮಾಡೋ, ಸುಮಾರು 250 ಕೆಬಿ ಇರೋ ಒಂದೇ ಒಂದು ಫೈಲು. ಎಕ್ಸ್‌ಪಿ ಸಿಡಿಯ ಐ386 ಫೋಲ್ಡರಲ್ಲಿ ಹಾಗೇ ಬಿದ್ದಿದೆ. ಎತ್ತಿ ಹಾಕೋಕೆ ಐದು ನಿಮಿಷ ಸಾಕು.

ಅಸಲಿಗೆ ಫೈಲ್ ಹೋಗಿದೆಯಾ ಅಂತಾದ್ರೂ ನೋಡ್ತಾರಾ? ಅದೂ ಇಲ್ಲ. ಪೆನ್ ಡ್ರೈವೋ ಫ್ಲಾಪಿಯೋ ಮರೆತು ಬಿಟ್ಟಿದ್ರೂ ಇದೇ ಮೆಸೇಜ್ ಬರುತ್ತೆ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ರೆ ಬಯಾಸ್ (ಆನ್ ಮಾಡಿದ ಕೂಡಲೇ ಓಡೋ ಮದರ್‌ಬೋರ್ಡಿನ ಪ್ರೋಗ್ರಾಂ) ಸೆಟ್ಟಿಂಗೆಲ್ಲ ಹಾರಿಹೋಗಿ ಬೂಟ್ ಆರ್ಡರ್, ಅಂದ್ರೆ ಯಾವ ಡಿಸ್ಕಿಂದ ಮೊದಲು ಶುರುವಾಗಬೇಕು ಅನ್ನೋ ಸರದಿ, ಬದಲಾಗಬಹುದು. ಎರಡು ಹಾರ್ಡ್ ಡಿಸ್ಕ್ ಇದ್ರಂತೂ ವಿಂಡೋಸ್ ಇಲ್ಲದ ಡಿಸ್ಕನ್ನ ಮೊದಲು ತಡಕಾಡಬಹುದು. ಬಯಾಸಲ್ಲಿ ತಾರೀಖು ಹಳೇ ಇಸವಿಗೆ ಹೋಗಿದ್ರೆ ಮೊದಲು ಸೆಲ್ ಬದಲಾಯಿಸಿ. ಆಮೇಲೆ ಡಿಸ್ಕಿನ ಕೇಬಲ್ ಒಂದ್ಸಲ ಕಿತ್ತು ಗಟ್ಟಿಯಾಗಿ ಕೂರಿಸಿ.

ಇಷ್ಟಾದ್ರೂ ಬರ್ಲಿಲ್ಲ ಅಂದ್ರೆ ಸಿಡಿಯಿಂದ ಬೂಟ್ ಮಾಡಿ. ನೀಲಿ ಸ್ಕ್ರೀನಲ್ಲಿ ಎಂಟರ್ ಒತ್ತಬೇಡಿ, ಅದು ಹೊಸದಾಗಿ ಹಾಕೋ ದಾರಿ. ‘ಆರ್’ ಒತ್ತಿದ್ರೆ ರಿಕವರಿ ಕನ್ಸೋಲ್, ಅಂದ್ರೆ ಕಮಾಂಡ್ ಟೈಪ್ ಮಾಡಿ ರಿಪೇರಿ ಮಾಡೋ ಕಪ್ಪು ಪರದೆ. ಯಾವ ವಿಂಡೋಸ್ ಅಂತ ಕೇಳಿದ್ರೆ ನಂಬರ್ 1 ಕೊಡಿ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳಿದಾಗ ಖಾಲಿ ಎಂಟರ್ ಹೊಡೀರಿ. ಮನೆ ಕಂಪ್ಯೂಟರಲ್ಲಿ ಸಾಮಾನ್ಯವಾಗಿ ಇಟ್ಟಿರಲ್ಲ. ‘ಮ್ಯಾಪ್’ ಅಂತ ಟೈಪ್ ಮಾಡಿದ್ರೆ ಸಿಡಿ ಡ್ರೈವಿನ ಅಕ್ಷರ ಗೊತ್ತಾಗುತ್ತೆ. ಡಿ ಅಂದ್ಕೊಳ್ಳಿ. ಆಗ ಈ ಎರಡು ಸಾಲು (ಎರಡನೇದು ಜೊತೆಗಾರ ಫೈಲು, ಅದನ್ನೂ ಹಾಕಿಬಿಡಿ):

ಕಾಪಿ ಡಿ:\ಐ386\ಎನ್‌ಟಿಎಲ್‌ಡಿಆರ್ ಸಿ:\
ಕಾಪಿ ಡಿ:\ಐ386\ಎನ್‌ಟಿಡಿಟೆಕ್ಟ್.ಕಾಮ್ ಸಿ:\

ಎಲ್ಲಾ ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು ಅನ್ನೋದು ಗೊತ್ತಿರೋದೇ. ಕೊನೆಗೆ ‘ಎಕ್ಸಿಟ್’. ಇಷ್ಟೇ ಸ್ವಾಮಿ! ಸಿಡಿಗೆ ಹಾರ್ಡ್ ಡಿಸ್ಕೇ ಕಾಣ್ತಿಲ್ಲ, ಇಲ್ಲಾ 7ಬಿ ಅನ್ನೋ ನೀಲಿ ಎರರ್ ಬಂತು ಅಂದ್ರೆ ಡಿಸ್ಕ್ ಕೆಟ್ಟಿದೆ ಅಂತ ಹೆದರಿಸ್ತಾರೆ. ಬಯಾಸಲ್ಲಿ ಸಾಟಾ ಮೋಡನ್ನ (ಹಾರ್ಡ್ ಡಿಸ್ಕ್ ಜೊತೆ ಮಾತಾಡೋ ರೀತಿ) ಎಎಚ್‌ಸಿಐನಿಂದ ಐಡಿಇಗೆ ಹಾಕಿ ನೋಡಿ, ಕೆಲಸ ಮುಗಿದ ಮೇಲೆ ಮೊದಲಿದ್ದ ಹಾಗೇ ಇಡಿ.

‘ಹಾಲ್.ಡಿಎಲ್‌ಎಲ್’ (ಹಾರ್ಡ್‌ವೇರ್ ಜೊತೆ ವಿಂಡೋಸನ್ನ ಮಾತಾಡಿಸೋ ಫೈಲು) ಇಲ್ಲ ಅನ್ನೋ ಮೆಸೇಜಂತೂ ಸಾಮಾನ್ಯವಾಗಿ ಶುದ್ಧ ಸುಳ್ಳುಬುರುಕ. ಫೈಲ್ ತನ್ನ ಜಾಗದಲ್ಲಿ ಕೂತೇ ಇರುತ್ತೆ, ವಿಂಡೋಸ್ ಎಲ್ಲಿದೆ ಅಂತ ಹೇಳೋ ಬೂಟ್.ಐಎನ್‌ಐ ಫೈಲು ತಪ್ಪು ಪಾರ್ಟಿಷನ್ (ಡಿಸ್ಕಿನ ಭಾಗ) ಕಡೆ ಕೈ ತೋರಿಸ್ತಿರುತ್ತೆ. ಅದೇ ಕನ್ಸೋಲಲ್ಲಿ ‘ಬೂಟ್‌ಸಿಎಫ್‌ಜಿ /ರೀಬಿಲ್ಡ್’ ಕೊಡಿ, ವೈ ಒತ್ತಿ, ಹೆಸರು ಕೇಳಿದ್ರೆ ಏನೋ ಒಂದು ಬರೀರಿ, ಆಪ್ಷನ್ ಕೇಳಿದಾಗ ‘/ಫಾಸ್ಟ್‌ಡಿಟೆಕ್ಟ್’. ಇದು ಬಿಟ್ಟು ಸಿಡಿಯಲ್ಲಿರೋ ಹಾಲ್ ಫೈಲನ್ನೇ ತಂದು ತುರುಕಿದ್ರೆ ಎಡವಟ್ಟು. ಹಾಲ್‌ನಲ್ಲಿ ಹಲವು ಬಗೆ ಇದೆ, ಮದರ್‌ಬೋರ್ಡಿಗೆ ತಕ್ಕದ್ದನ್ನ ಸೆಟಪ್ಪು ಹೆಸರು ಬದಲಾಯಿಸಿ ಕೂರಿಸಿರುತ್ತೆ. ಯಾವುದು ಅಂತ ವಿಂಡೋಸ್ ಫೋಲ್ಡರಿನ ರಿಪೇರ್ ಒಳಗಿರೋ ಸೆಟಪ್.ಲಾಗ್‌ನಲ್ಲಿ ಬರೆದಿದೆ. ಓದೋ ವ್ಯವಧಾನ ಯಾರಿಗಿದೆ?

ಇನ್ನು ಸಿಸ್ಟಂ ‘ಕ್ಲೀನ್’ ಮಾಡಿಕೊಡ್ತೀವಿ ಅನ್ನೋ ಮಹಾನುಭಾವರು. ಜಾಗ ಉಳಿಸೋಕೆ ಅಂತ ಸಿ ಡ್ರೈವ್ ಇಡೀ ಕಂಪ್ರೆಸ್ ಮಾಡ್ತಾರೆ, ಮರುದಿನ ‘ಎನ್‌ಟಿಎಲ್‌ಡಿಆರ್ ಈಸ್ ಕಂಪ್ರೆಸ್ಡ್’ ಅಂತ ಕಂಪ್ಯೂಟರ್ ಮುಷ್ಕರ ಹೂಡುತ್ತೆ. ಇನ್ನು ಕೆಲವರು ಹಿಡನ್ ಫೈಲ್ ತೋರಿಸೋ ಹಾಗೆ ಮಾಡ್ಕೊಂಡು, ಗೊತ್ತಿಲ್ಲದ ಹೆಸರು ಕಂಡಿದ್ದನ್ನೆಲ್ಲ ಡಿಲೀಟ್ ಮಾಡ್ತಾರೆ. ಕಾಣೆಯಾದ ಡಿಎಲ್‌ಎಲ್ ಫೈಲನ್ನ (ಪ್ರೋಗ್ರಾಂಗಳು ಹಂಚಿಕೊಂಡು ಬಳಸೋ ಕೋಡ್) ಯಾವುದೋ ಫ್ರೀ ಡೌನ್‌ಲೋಡ್ ಸೈಟಿಂದ ಇಳಿಸೋ ಚಾಳಿ ಬೇರೆ! ಅದರ ಜೊತೆ ವೈರಸ್ ಬಂದ್ರೆ ಯಾರನ್ನ ಕೇಳೋದು? ವಿಂಡೋಸ್ ತನ್ನ ಮುಖ್ಯ ಫೈಲುಗಳ ಪ್ರತೀನ ಸಿಸ್ಟಂ32 ಒಳಗಿನ ಡಿಎಲ್‌ಎಲ್‌ಕ್ಯಾಶ್ ಫೋಲ್ಡರಲ್ಲಿ ಇಟ್ಕೊಂಡಿರುತ್ತೆ, ಮೊದಲು ಅಲ್ಲಿ ಹುಡುಕಿ. ವಿಂಡೋಸ್ ಒಳಗೆ ಹೋಗೋಕೆ ಆಗ್ತಿದ್ರೆ ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ ಅನ್ನೋ, ಕೆಟ್ಟ ಸಿಸ್ಟಂ ಫೈಲು ಹುಡುಕಿ ಸರಿಮಾಡೋ ಕಮಾಂಡ್ ಓಡಿಸಿ. ಅದು ಸಿಡಿ ಕೇಳುತ್ತೆ. ಕಂಪ್ಯೂಟರಲ್ಲಿ ಸರ್ವಿಸ್ ಪ್ಯಾಕ್ (ವಿಂಡೋಸ್ ಅಪ್‌ಡೇಟ್‌ಗಳ ಕಂತೆ) 3 ಇದ್ದು ಸಿಡಿ 2ರದ್ದಾದ್ರೆ ಒಪ್ಪದೆ ಮತ್ತೆ ಮತ್ತೆ ಕೇಳುತ್ತೆ.

ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಸಪೋರ್ಟ್ ನಿಂತೋಯ್ತು, ಇನ್ನೂ ಯಾಕೆ ಇಟ್ಕೊಂಡಿದ್ದೀರಾ ಅಂತ ಬುದ್ಧಿವಾದ ಬೇರೆ. ಹಳೇ ಸ್ಕ್ಯಾನರಿಗೆ ಹೊಸ ಡ್ರೈವರ್ ಇಲ್ಲ, ಅದಕ್ಕೇ. ಡೆಸ್ಕ್‌ಟಾಪ್ ಮೇಲಿರೋ ಫೋಟೊ, ಮೈ ಡಾಕ್ಯುಮೆಂಟ್ಸಲ್ಲಿರೋ ನುಡಿ, ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತ ಎಲ್ಲಾ ಇರೋದು ಸಿ ಡ್ರೈವಿನ ‘ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್’ ಒಳಗೇ. ಫಾರ್ಮ್ಯಾಟ್ ಹೊಡೆದ್ರೆ ಅಷ್ಟೂ ಗೋವಿಂದ. ಆಮೇಲೆ ಅದೇ ಅಂಗಡಿಯವನು ‘ಡೇಟಾ ರಿಕವರಿಗೆ ಚಾರ್ಜ್ ಬೇರೆ ಆಗುತ್ತೆ ಸರ್’ ಅಂತಾನೆ!