ಚೈನಿಗೆಲ್ಲಾ ತುಕ್ಕು ಬಳಿಯಬೇಡಿ

ಯುದ್ಧ ಟ್ಯಾಂಕಿನ ಪುಟ್ಟ ಮಾಡೆಲ್‌ಗೆ ಬಳಸಿ ಹಳತಾದ ರೂಪ ಕೊಡುವ ಬಗ್ಗೆ ಒಂದು ಲೇಖನ ಓದಿದೆ. ಚೈನಿಗೆ ಪೂರ್ತಿ ತುಕ್ಕಿನ ಬಣ್ಣ ಹಚ್ಚಿದರೆ ನಿಜವಾದ ಕಳೆ ಬರುತ್ತದೆ ಅಂತ ಅದರಲ್ಲಿದೆ. ಇದು ನನಗೆ ಒಪ್ಪಿಗೆಯಿಲ್ಲ. ನಮ್ಮ ಚಿಕ್ಕಬಳ್ಳಾಪುರದ ಸುತ್ತ ಕಲ್ಲು ಕ್ವಾರಿಗಳಲ್ಲಿ ಓಡಾಡುವ ಹಿಟಾಚಿಗಳ ಚೈನನ್ನೇ ಒಮ್ಮೆ ನೋಡಿ. ನೆಲಕ್ಕೆ ಉಜ್ಜುವ ಅಂಚು ಉತ್ತ ನೇಗಿಲ ಗುಳದ ಹಾಗೆ ಬೆಳ್ಳಗೆ ಹೊಳೆಯುತ್ತಿರುತ್ತದೆ. ತುಕ್ಕು ಇರುವುದು ಸಂದಿಗಳಲ್ಲಿ, ಅದೂ ಮಣ್ಣು ಮೆತ್ತಿಕೊಂಡು ಅರ್ಧ ಮುಚ್ಚಿರುತ್ತದೆ. ಗಾಡಿ ಸುಮ್ನೆ ನಿಂತೇ ಇದ್ದರೆ ಮಾತ್ರ ಚೈನು ಪೂರ್ತಿ ಕೆಂಪಾಗುವುದು. ತುಕ್ಕು ತೋರಿಸಲೇಬೇಕು ಅಂದರೆ ಸೈಲೆನ್ಸರ್ ಇದೆಯಲ್ಲ, ಬಿಸಿಗೆ ಬಣ್ಣ ಸುಟ್ಟು ಹೋಗುವುದು ಅಲ್ಲೇ.

ಇನ್ನು ಬಣ್ಣ ಎದ್ದ ಗುರುತುಗಳು. 1/35 ಅಳತೆಯಲ್ಲಿ, ಅಂದರೆ ನಿಜವಾದದ್ದಕ್ಕಿಂತ 35 ಪಟ್ಟು ಚಿಕ್ಕದಾದ ಮಾಡೆಲ್‌ನಲ್ಲಿ, 1 ಮಿಲಿಮೀಟರ್ ಚುಕ್ಕೆ ಅಂದರೆ ನಿಜವಾದ ಟ್ಯಾಂಕಿನಲ್ಲಿ 3.5 ಸೆಂಟಿಮೀಟರ್! ಲೇಖನದ ಫೋಟೋದಲ್ಲಿ ಮೈತುಂಬಾ ಅಂಥವೇ, ಸಿಡುಬು ಎದ್ದಂತಿದೆ. ಸೈನಿಕರು ಹತ್ತಿ ಇಳಿಯುವ ಕಡೆ, ಹ್ಯಾಚಿನ (ಒಳಗೆ ಇಳಿಯುವ ಮುಚ್ಚಳದ) ಅಂಚಿನಲ್ಲಿ ಬಣ್ಣ ಅದ್ದಿದ ಸ್ಪಂಜಿನ ಚೂರಿನಿಂದ ಸಣ್ಣಗೆ ಒತ್ತಿದರೆ ಸಾಕು. ಜಾಸ್ತಿ ಬೇಡ.

ಮತ್ತೆ, ಲೇಖನದಲ್ಲಿ ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ನಡೆದ 1971ರ ಲೋಂಗೆವಾಲಾ ಕದನದ ದೃಶ್ಯಕ್ಕೆ ಧೂಳು ಅಂತ ಇಟ್ಟಿಗೆ ಪುಡಿ ಯಾಕೆ ಸ್ವಾಮಿ? ಕೆಮ್ಮಣ್ಣು ನಮ್ಮ ಕಡೆಯ ಟ್ರ್ಯಾಕ್ಟರಿಗೆ ಸರಿ. ಥಾರ್ ಮರಳು ತಿಳಿ ಹಳದಿ ಅಲ್ವಾ?